ಬಿಬಿಸಿಯ ಪುಟ್ಟ ಪೆಟ್ಟಿಗೆ

ಹಳೆಯ ಸ್ಪೀಕರ್ ಕೊಂಡು, ಅಪ್‌ಗ್ರೇಡ್ ಮಾಡಿ ಮಾರುವ ಹವ್ಯಾಸಿಗಳು ಬಿಬಿಸಿಯ ಎಲ್‌ಎಸ್3/5ಎ ಸ್ಪೀಕರಿನ ಚರಿತ್ರೆಯನ್ನು ತಿಳಿದಿರಬೇಕು. 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವ್ಯಾನುಗಳಿಗೆಂದು ರೂಪುಗೊಂಡ, ಅಡಿಯಷ್ಟೇ ಎತ್ತರದ ಪೆಟ್ಟಿಗೆಯಿದು. ರೋಜರ್ಸ್, ಸ್ಪೆಂಡಾರ್ ಮುಂತಾದ ಕಂಪನಿಗಳು ಪರವಾನಗಿ ಪಡೆದು ತಯಾರಿಸಿದರೂ ಧ್ವನಿ ಒಂದೇ ಇರಬೇಕೆಂಬುದು ಬಿಬಿಸಿಯ ಕಟ್ಟಳೆ. ಅದಕ್ಕೆಂದೇ ಕೆಇಎಫ್‌ನ ಬೆಕ್ಸ್‌ಟ್ರೀನ್ ಕೋನ್, ಟ್ವೀಟರ್ ಸುತ್ತ ದಪ್ಪ ಫೆಲ್ಟ್ ಪಟ್ಟಿ, ಟ್ವೀಟರಿನ ಮಟ್ಟ ಹೊಂದಿಸಲು ಕ್ರಾಸ್‌ಓವರಿನಲ್ಲೇ ಹಲವು ಟ್ಯಾಪ್‌ಗಳು. ಒಂದು ಭಾಗದ ಕೊರತೆಯನ್ನು ಇನ್ನೊಂದು ತುಂಬುವ ಈ ವಿನ್ಯಾಸದಲ್ಲಿ ಒಂದನ್ನೇ ಬದಲಿಸಿದರೆ ಲೆಕ್ಕವೆಲ್ಲ ತಪ್ಪುತ್ತದೆ. ಕ್ರಾಸ್‌ಓವರಿನ ಕೆಪಾಸಿಟರುಗಳಿಗೆ ಮುಪ್ಪು ಬರುವುದಿಲ್ಲವೇ ಎಂದು ಕೇಳಬಹುದು. ಬರುತ್ತದೆ, ಆದರೆ ಮೂಲ ಮೌಲ್ಯದ್ದನ್ನೇ ಹಾಕಿದರೆ ಅದು ದುರಸ್ತಿ, ಅಪ್‌ಗ್ರೇಡ್ ಅಲ್ಲ. 1980ರ ದಶಕದ ಕೊನೆಯಲ್ಲಿ ಸ್ಪೀಕರಿನ ಇಂಪಿಡೆನ್ಸ್ 15 ಓಮ್‌ನಿಂದ 11 ಓಮ್‌ಗೆ ಬದಲಾದಾಗಲೂ ಕ್ರಾಸ್‌ಓವರನ್ನು ಹೊಸದಾಗಿಯೇ ರೂಪಿಸಬೇಕಾಯಿತು. ಕೊಳ್ಳುವವರು ಜೋಡಿಯ ಎರಡೂ ಪೆಟ್ಟಿಗೆಗಳ ಕ್ರಮಸಂಖ್ಯೆ ಹೊಂದುತ್ತದೆಯೇ ನೋಡಲಿ. ಮಾರುವವರು ಬಿಚ್ಚಿಟ್ಟ ಮೂಲ ಬಿಡಿಭಾಗಗಳನ್ನೂ ಜೊತೆಗೆ ಕೊಡಲಿ.