ಹನ್ನೆರಡನೇ ಚೌಕದ ದುಡ್ಡು

ಸ್ಯಾನ್ ಹೋಸೆಯಲ್ಲಿರುವ ಅಣ್ಣನ ಮಗಳು ಹೋದ ವರ್ಷ ಜೂನ್‌ನಲ್ಲಿ ಫೋನ್ ಮಾಡಿದಳು. ತೆರಿಗೆ ರಿಟರ್ನ್ ಸಲ್ಲಿಸಿ ಎರಡು ತಿಂಗಳಾಗಿತ್ತು. ಕಂಪನಿ ಕೊಟ್ಟ ಡಬ್ಲ್ಯು-2 ಎಂಬ ಸಂಬಳದ ಪಟ್ಟಿಯ ಹನ್ನೆರಡನೇ ಚೌಕದಲ್ಲಿ 'ಡಬ್ಲ್ಯು' ಅಂತ ಒಂದಕ್ಷರ, ಅದರ ಪಕ್ಕ 1,500 ಡಾಲರ್. ಇವಳು ಅದನ್ನು ನೋಡೇ ಇರಲಿಲ್ಲ. ಅದು ಅವಳ ಹೆಲ್ತ್ ಸೇವಿಂಗ್ಸ್ ಅಕೌಂಟಿಗೆ, ಅಂದರೆ ಆಸ್ಪತ್ರೆ ಖರ್ಚಿಗೆಂದೇ ಇಟ್ಟ ಉಳಿತಾಯ ಖಾತೆಗೆ, ಕಂಪನಿ ಹಾಕಿದ ಹಣ. "ಚಿಕ್ಕಪ್ಪ, ಆ ದುಡ್ಡು ನನ್ನ ಕೈಗೆ ಬಂದೇ ಇಲ್ಲ, ಅದಕ್ಕೆ ತೆರಿಗೆಯೂ ಇಲ್ಲ. ಮತ್ತೆ ಯಾಕೆ ಲೆಕ್ಕ ಕೊಡಬೇಕು?" ಎಂದಳು.

ತೆರಿಗೆ ನನಗೆ ತಿಳಿಯದ ವಿದ್ಯೆ. ಆದರೆ ಈ 'ಯಾಕೆ' ಇತಿಹಾಸದ ಪ್ರಶ್ನೆ, ಆದ್ದರಿಂದ ನನ್ನ ಪಾಲಿನದು.

1929ರಲ್ಲಿ ಟೆಕ್ಸಾಸಿನ ಡಲ್ಲಾಸ್ ಊರಿನ ಬೇಲರ್ ಆಸ್ಪತ್ರೆಯ ಉಸ್ತುವಾರಿ ಹೊತ್ತಿದ್ದವರು ಜಸ್ಟಿನ್ ಕಿಂಬಲ್. ಅದಕ್ಕೆ ಮುಂಚೆ ಆ ಊರಿನ ಶಾಲೆಗಳ ಆಡಳಿತ ನೋಡಿಕೊಂಡಿದ್ದವರು. ಆಸ್ಪತ್ರೆಯ ಬಾಕಿ ಪುಸ್ತಕ ತೆರೆದರೆ, ಬಿಲ್ಲು ಕಟ್ಟಲಾಗದವರ ಸಾಲಿನಲ್ಲಿ ತನಗೆ ಗೊತ್ತಿದ್ದ ಮೇಷ್ಟ್ರುಗಳ ಹೆಸರು. ಅವರು ಒಂದು ಏರ್ಪಾಡು ಮಾಡಿದರು: ಶಿಕ್ಷಕರು ತಿಂಗಳಿಗೆ 50 ಸೆಂಟ್ ಕಟ್ಟಲಿ, ಕಾಯಿಲೆ ಬಿದ್ದರೆ ವರ್ಷಕ್ಕೆ 21 ದಿನ ಆಸ್ಪತ್ರೆ ನೋಡಿಕೊಳ್ಳಲಿ. ಮುಂದೆ ಬ್ಲೂ ಕ್ರಾಸ್ ಎಂದು ದೇಶವೆಲ್ಲ ಹರಡಿದ ವಿಮೆಗೆ ಇದೇ ಬೀಜ. ಆಗ ಕಟ್ಟುತ್ತಿದ್ದವರು ಮೇಷ್ಟ್ರುಗಳೇ, ಅದೂ ಅವರ ಸಂಬಳದಿಂದಲೇ. ಮಾಲೀಕರು ಚಿತ್ರದೊಳಗೆ ಬಂದದ್ದು ಯುದ್ಧದಿಂದ.

1942ರ ಅಕ್ಟೋಬರ್‌ನಲ್ಲಿ ಅಮೆರಿಕದ ಸಂಸತ್ತು ಬೆಲೆಯೇರಿಕೆ ತಡೆಯಲು ಕೂಲಿ, ಸಂಬಳಗಳಿಗೆ ಕಡಿವಾಣ ಹಾಕುವ ಕಾನೂನು ಮಾಡಿತು. ಗಂಡಸರು ಯುದ್ಧಕ್ಕೆ ಹೋಗಿದ್ದಾರೆ, ಕಾರ್ಖಾನೆಗಳಿಗೆ ಆಳು ಬೇಕು, ಹೆಚ್ಚು ಸಂಬಳದ ಆಸೆ ತೋರಿಸುವಂತಿಲ್ಲ. ಆದರೆ ಅದೇ ಕಾನೂನು ಒಂದು ಕಿಂಡಿಯನ್ನು ಬಿಟ್ಟಿತ್ತು: ಮಿತಿಯೊಳಗಿನ ವಿಮೆ ಮತ್ತು ಪಿಂಚಣಿಯನ್ನು ಸಂಬಳವೆಂದು ಎಣಿಸಬೇಕಿಲ್ಲ. ಮಾಲೀಕರು ಆ ಕಿಂಡಿಯಲ್ಲೇ ನುಗ್ಗಿದರು. ಗುಂಪು ವಿಮೆಗೆ ಮಾಲೀಕ ಕಟ್ಟಿದ ಹಣ ನೌಕರನ ಆದಾಯವಲ್ಲ ಎಂದು ತೆರಿಗೆ ಇಲಾಖೆ 1943ರಲ್ಲಿ ಹೇಳಿತು. 1954ರ ತೆರಿಗೆ ಸಂಹಿತೆ ಅದನ್ನೇ 106ನೇ ಕಲಮಾಗಿ ಬರೆದಿಟ್ಟಿತು. ಯುದ್ಧ ಮುಗಿದು ಒಂಬತ್ತು ವರ್ಷವಾಗಿತ್ತು, ಕಿಂಡಿ ಹೆಬ್ಬಾಗಿಲಾಗಿತ್ತು. ಅಮೆರಿಕದಲ್ಲಿ ಕೆಲಸ ಹೋದವರಿಗೆ ಡಾಕ್ಟರೂ ದೂರವಾಗುವುದು ಯಾಕೆ ಎಂದು ಕೇಳುವವರು ಇಲ್ಲಿಂದ ಓದಬೇಕು.

ಈಗ 2003ಕ್ಕೆ ಬರೋಣ. ಮುದುಕರ ಔಷಧಿ ಖರ್ಚಿಗೆ ನೆರವಾಗುವ ಮೆಡಿಕೇರ್ ಮಸೂದೆ ನವೆಂಬರ್ 22ರ ನಸುಕಿನಲ್ಲಿ ಕೆಳಮನೆಯ ಮತಕ್ಕೆ ಬಿತ್ತು. ಹದಿನೈದು ನಿಮಿಷದಲ್ಲಿ ಮುಗಿಯಬೇಕಾದ ಮತದಾನವನ್ನು ಹೆಚ್ಚುಕಡಿಮೆ ಮೂರು ಗಂಟೆ ಎಳೆದರು. ಸೋಲುತ್ತಿದ್ದದ್ದು 220–215ಕ್ಕೆ ಗೆದ್ದಿತು. ಆ ದಪ್ಪ ಕಾನೂನಿನ ಕೊನೆಯ ಭಾಗದಲ್ಲಿ ಈ ಉಳಿತಾಯ ಖಾತೆ ಕೂತಿತ್ತು. 1996ರಲ್ಲೇ ಸಣ್ಣ ಪ್ರಮಾಣದಲ್ಲಿ ಇದರ ಪ್ರಯೋಗ ನಡೆದಿತ್ತು. ಡಿಸೆಂಬರ್ 8ಕ್ಕೆ ಅಧ್ಯಕ್ಷ ಬುಷ್ ಸಹಿ, 2004ರ ಜನವರಿ 1ಕ್ಕೆ ಜಾರಿ. ಕೈಯಿಂದ ಮೊದಲು ದೊಡ್ಡ ಮೊತ್ತ ಖರ್ಚಾದ ಮೇಲಷ್ಟೇ ಕೈಹಿಡಿಯುವ ವಿಮೆ ಇದ್ದವರಿಗೆ ಈ ಖಾತೆ. ತನ್ನ ದುಡ್ಡಾದರೆ ಜನ ನೋಡಿ ಖರ್ಚು ಮಾಡುತ್ತಾರೆ ಎಂಬುದು ವಾದ. ಇರಬಹುದು. ಆದರೆ ಹೆಚ್ಚು ತೆರಿಗೆ ಕಟ್ಟುವವರಿಗೇ ಹೆಚ್ಚು ಉಳಿತಾಯ, ಆದಾಯ ತೆರಿಗೆಯ ಮಟ್ಟಕ್ಕೇ ಬಾರದವರಿಗೆ ದಕ್ಕುವುದು ಅಲ್ಪ. ಡಲ್ಲಾಸಿನ ಮೇಷ್ಟ್ರುಗಳು 50 ಸೆಂಟಿನಲ್ಲಿ ಒಬ್ಬರ ಕಾಯಿಲೆಯನ್ನು ಎಲ್ಲರೂ ಹಂಚಿಕೊಂಡಿದ್ದರು. ಇಲ್ಲಿ ಅವರವರ ಗಂಟು ಅವರವರಿಗೆ.

ತೆರಿಗೆ ಇಲ್ಲದ ಹಣಕ್ಕೆ ಲೆಕ್ಕ ಯಾಕೆ ಎಂಬುದಕ್ಕೆ ಉತ್ತರವೂ ಈ ವಿನಾಯಿತಿಯಲ್ಲೇ ಇದೆ. ವರ್ಷಕ್ಕೆ ಇಷ್ಟೇ ಹಾಕಬಹುದೆಂಬ ಮಿತಿ ಉಂಟು: 2004ರಲ್ಲಿ ಒಬ್ಬರಿಗೆ 2,600 ಡಾಲರ್, 2025ರಲ್ಲಿ 4,300. ಮೀರಿದ್ದನ್ನು ಹಾಗೇ ಬಿಟ್ಟರೆ ವರ್ಷಕ್ಕೆ ಶೇಕಡ 6ರ ದಂಡ. ತೆಗೆದ ಹಣ ವೈದ್ಯಕೀಯ ಖರ್ಚಿಗೇ ಹೋಯಿತೆಂದು ಹೇಳದಿದ್ದರೆ ಇಲಾಖೆ ಅದನ್ನು ಆದಾಯವೆಂದು ಭಾವಿಸೀತು. ಇದನ್ನೆಲ್ಲ ಹೇಳುವ ಜಾಗ 8889 ಎಂಬ ಫಾರಂ. ಅವಳು ಬಿಟ್ಟದ್ದು ಅದನ್ನೇ.

ಇನ್ನೊಂದು ತಮಾಷೆ. ಆ 1,500ರಲ್ಲಿ ಕಂಪನಿ ನಿಜವಾಗಿ ಕೊಟ್ಟದ್ದು 500 ಮಾತ್ರ. ಉಳಿದದ್ದು ಅವಳೇ ತಿಂಗಳು ತಿಂಗಳೂ ಸಂಬಳದಿಂದ ಮುರಿಸಿಕೊಂಡದ್ದು. ತೆರಿಗೆಗೆ ಮುಂಚೆಯೇ ಸಂಬಳದ ಮೂಲಕ ಹೋದ ಹಣವನ್ನೂ ಕಾನೂನು ಮಾಲೀಕನ ಕೊಡುಗೆ ಅಂತಲೇ ಕರೆಯುತ್ತದೆ. ನಾನು ಹಾಕಿದ್ದು ಎಂದು ಅದನ್ನು ಮತ್ತೆ ಕಳೆದುಕೊಂಡರೆ ಒಂದೇ ದುಡ್ಡಿಗೆ ಎರಡು ಸಲ ವಿನಾಯಿತಿ ಪಡೆದಂತೆ. 1942ರಲ್ಲಿ ಸಂಬಳವನ್ನು ಸಂಬಳವಲ್ಲ ಎಂದರು; ಈಗ ಅವಳ ಸಂಬಳವನ್ನೇ ಅವಳದಲ್ಲ ಎನ್ನುತ್ತಾರೆ.

ಕೊನೆಗೆ 1040-ಎಕ್ಸ್ ತುಂಬಿದಳು. ಒಮ್ಮೆ ಸಲ್ಲಿಸಿದ್ದನ್ನು ತಿದ್ದುವ ಫಾರಂ ಅದು. ಮೂರು ಕಂಬಗಳಿರುತ್ತವೆ: ಮೊದಲು ಬರೆದದ್ದು, ವ್ಯತ್ಯಾಸ, ಸರಿಯಾದದ್ದು. ಅವಳ ನಡುವಿನ ಕಂಬದ ತುಂಬ ಸೊನ್ನೆ. 8889ನ್ನು ಲಗತ್ತಿಸಿ, ಕಾರಣದ ಜಾಗದಲ್ಲಿ ಎರಡು ಸಾಲು ಬರೆದಳು. ಆದರೆ ಕ್ಯಾಲಿಫೋರ್ನಿಯಾ ರಾಜ್ಯ, ನ್ಯೂಜೆರ್ಸಿಯ ಹಾಗೆ, ಈ ಖಾತೆಯ ವಿನಾಯಿತಿಯನ್ನೇ ಒಪ್ಪುವುದಿಲ್ಲ. ಅಲ್ಲಿನ ಲೆಕ್ಕದಲ್ಲಿ ಆ 1,500 ಪೂರ್ತಿ ಸಂಬಳ. ರಾಜ್ಯದ ರಿಟರ್ನನ್ನೂ ತಿದ್ದಿ, ಸುಮಾರು 140 ಡಾಲರ್ ತೆರಿಗೆ, ಮೇಲೆ ಬಡ್ಡಿ ಕಟ್ಟಿದಳು.

"ದೆಹಲಿಯ ಹಾಗಿರುವವರು ಕೊಡುಗೆ ಅಂತಾರೆ, ಬೆಂಗಳೂರಿನ ಹಾಗಿರುವವರು ಸಂಬಳ ಅಂತಾರೆ, ಯಾರ ಮಾತು ಸರಿ ಚಿಕ್ಕಪ್ಪ?" ಎಂದು ಕೇಳಿದಳು. ಬೆಂಗಳೂರಿನವರದು ಎಂದೆ.