ಸಮಾನವೆಂಬ ಒಂದು ಮಾತು

ಅನ್ಯಾಯವು ಶಾಸನದ ರೂಪವನ್ನು ತಾಳಿದಾಗ ಅದನ್ನು ಎದುರಿಸುವುದು ಇಮ್ಮಡಿ ಕಷ್ಟ. ನ್ಯಾಯವನ್ನು ಬೇಡಲು ಹೋಗಬೇಕಾದ ಸ್ಥಾನವೇ ಆಗ ಅನ್ಯಾಯಕ್ಕೆ ಆಸರೆಯಾಗಿರುತ್ತದೆ. ಅಮೆರಿಕಾದ ಸಂಯುಕ್ತ ಸಂಸ್ಥಾನಗಳ ಕರಿಯ ಜನರಿಗೆ ಒದಗಿದ ಸ್ಥಿತಿ ಇಂತಹುದು. ಅಂತರ್ಯುದ್ಧವು ಮುಗಿದು ಗುಲಾಮಗಿರಿಯು ಅಳಿದ ಬಳಿಕ, 1868ರಲ್ಲಿ ರಾಜ್ಯಾಂಗಕ್ಕೆ ಸೇರಿದ ಹದಿನಾಲ್ಕನೆಯ ತಿದ್ದುಪಡಿಯು ಶಾಸನದ ಸಮಾನ ರಕ್ಷಣೆಯನ್ನು ಸರ್ವರಿಗೂ ವಾಗ್ದಾನಮಾಡಿತು. ಆದರೂ ದಕ್ಷಿಣದ ಸಂಸ್ಥಾನಗಳು ಬಣ್ಣವನ್ನು ನೋಡಿ ಜನರನ್ನು ಬೇರ್ಪಡಿಸುವ ಕಾನೂನುಗಳನ್ನು ಒಂದೊಂದಾಗಿ ಮಾಡತೊಡಗಿದುವು.

1892ರಲ್ಲಿ ಹೋಮರ್ ಪ್ಲೆಸಿ ಎಂಬಾತನು ನ್ಯೂ ಆರ್ಲಿಯನ್ಸ್ ನಗರದಲ್ಲಿ ಬಿಳಿಯರಿಗೆ ಮೀಸಲಾದ ರೈಲುಡಬ್ಬಿಯಲ್ಲಿ ಬೇಕೆಂದೇ ಕುಳಿತು ಸೆರೆಯಾದನು. ಆ ಕಾನೂನನ್ನು ಪರೀಕ್ಷೆಗೆ ಒಡ್ಡುವುದೇ ಅವನ ಮತ್ತು ಅವನ ಬೆಂಬಲಿಗರ ಉದ್ದೇಶವಾಗಿದ್ದಿತು. 1896ರಲ್ಲಿ ಸುಪ್ರೀಂ ಕೋರ್ಟು ಅವನಿಗೆ ವಿರುದ್ಧವಾಗಿ ತೀರ್ಪಿತ್ತಿತು. ಅನುಕೂಲತೆಗಳು ಸಮಾನವಾಗಿರುವ ಪಕ್ಷದಲ್ಲಿ ಪ್ರತ್ಯೇಕವಾಗಿಡುವುದರಿಂದ ದೋಷವಿಲ್ಲವೆಂಬ ತತ್ತ್ವಕ್ಕೆ ಮುದ್ರೆ ಬಿದ್ದಿತು. ಹಾರ್ಲನ್ ಎಂಬ ಒಬ್ಬನೇ ನ್ಯಾಯಾಧೀಶನು ಭಿನ್ನಮತವನ್ನು ಬರೆದನು. ಪ್ಲೆಸಿಗೆ 25 ಡಾಲರು ದಂಡವಾಯಿತು. ತೀರ್ಪು 58 ವರ್ಷ ನಿಂತಿತು.

ಈ ಕೋಟೆಗೆ ಕನ್ನವಿಡುವ ಉಪಾಯವನ್ನು ಕಂಡವರಲ್ಲಿ ಚಾರ್ಲ್ಸ್ ಹ್ಯಾಮಿಲ್ಟನ್ ಹೂಸ್ಟನ್ನನು ಅಗ್ರಗಣ್ಯನು. ಮೊದಲನೆಯ ಮಹಾಯುದ್ಧದಲ್ಲಿ ಸೇನಾಧಿಕಾರಿಯಾಗಿದ್ದು, ಸ್ವದೇಶದ ಸೈನ್ಯದಲ್ಲಿಯೇ ಅವಮಾನವನ್ನು ಉಂಡು, ಹಿಂದಿರುಗಿದ ಮೇಲೆ ಹಾರ್ವರ್ಡಿನಲ್ಲಿ ನ್ಯಾಯಶಾಸ್ತ್ರವನ್ನು ಓದಿದವನು ಈತ. 1929ರಿಂದ ವಾಷಿಂಗ್ಟನ್ನಿನ ಹೊವರ್ಡ್ ವಿಶ್ವವಿದ್ಯಾನಿಲಯದ ಲಾ ಕಾಲೇಜಿನ ಹೊಣೆಯನ್ನು ಹೊತ್ತು, ಕರಿಯ ತರುಣರನ್ನು ಕಟ್ಟುನಿಟ್ಟಾಗಿ ತರಬೇತುಗೊಳಿಸಿದನು. ದಕ್ಷಿಣ ಕೆರೊಲಿನಾದ ಹಳ್ಳಿಗಳಲ್ಲಿ ತಿರುಗಿ, ಬಿಳಿಯರ ಶಾಲೆಗಳಿಗೂ ಕರಿಯರ ಶಾಲೆಗಳಿಗೂ ಇದ್ದ ಅಂತರವನ್ನು ಚಲಚ್ಚಿತ್ರದಲ್ಲಿ ಸೆರೆಹಿಡಿದನು.

‘ಪ್ರತ್ಯೇಕ’ ಎಂಬ ಮಾತನ್ನು ಅವನು ಮೊದಲೇ ಪ್ರತಿಭಟಿಸಲಿಲ್ಲ. ‘ಸಮಾನ’ ಎಂಬ ಮಾತನ್ನೇ ಸಾಲಪತ್ರದಂತೆ ಮುಂದೊಡ್ಡಿದನು. ಆ ಮಾತು ನಿಜವಾಗಬೇಕಾದರೆ ಪ್ರತಿಯೊಂದು ಸಂಸ್ಥಾನವೂ ಕೆಲವೇ ಕರಿಯ ವಿದ್ಯಾರ್ಥಿಗಳಿಗಾಗಿ ಮತ್ತೊಂದು ಲಾ ಕಾಲೇಜನ್ನು ಸ್ಥಾಪಿಸಬೇಕು, ಇಲ್ಲವೆ ಇರುವುದರ ಬಾಗಿಲನ್ನು ತೆರೆಯಬೇಕು. ಮೇಲಾಗಿ, ಲಾ ಕಾಲೇಜಿನ ಗುಣಾವಗುಣಗಳನ್ನು ನ್ಯಾಯಾಧೀಶರು ಸ್ವಾನುಭವದಿಂದಲೇ ಬಲ್ಲರು.

ಹೂಸ್ಟನ್ನನೂ ಅವನ ಶಿಷ್ಯ ಥರ್ಗುಡ್ ಮಾರ್ಷಲನೂ ಕೂಡಿ ನಡೆಸಿದ ಮೊಕದ್ದಮೆಯಿಂದ 1935ರಲ್ಲಿ ಮೇರಿಲ್ಯಾಂಡಿನ ಲಾ ಕಾಲೇಜು ಕರಿಯ ವಿದ್ಯಾರ್ಥಿಗೆ ತೆರೆಯಿತು. ಮಿಸೌರಿ ಸಂಸ್ಥಾನವು ಲಾಯ್ಡ್ ಗೇನ್ಸನಿಗೆ ಪರಸಂಸ್ಥಾನದಲ್ಲಿ ಓದಲು ಶುಲ್ಕ ಕೊಡುತ್ತೇನೆಂದಿತು. ತನ್ನ ಹೊಣೆಯನ್ನು ಹೀಗೆ ಪರರ ತಲೆಗೆ ಕಟ್ಟಲಾಗದೆಂದು 1938ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೆ 1939ರಲ್ಲಿ ಗೇನ್ಸನು ಷಿಕಾಗೋ ನಗರದಲ್ಲಿ ಕಾಣೆಯಾದನು. ಮತ್ತೆ ಅವನ ಸುಳಿವು ಸಿಗಲಿಲ್ಲ. ಓಕ್ಲಹಾಮಾದಲ್ಲಿ ಮೆಕ್ಲಾರಿನ್ನನೆಂಬ ವಯಸ್ಸಾದ ಉಪಾಧ್ಯಾಯನನ್ನು ವಿಶ್ವವಿದ್ಯಾನಿಲಯಕ್ಕೆ ಸೇರಿಸಿಕೊಂಡರು. ಆದರೆ ತರಗತಿಯಲ್ಲಿಯೂ ಪುಸ್ತಕಭಂಡಾರದಲ್ಲಿಯೂ ಊಟದ ಶಾಲೆಯಲ್ಲಿಯೂ ಅವನನ್ನು ಬೇರೆಯಾಗಿ ಕೂರಿಸಿದರು. ಇಂತಹ ನಿರ್ಬಂಧವೂ ಅಸಮಾನತೆಯೇ ಎಂದು 1950ರ ಜೂನ್ 5ರಂದು ತೀರ್ಪಾಯಿತು. ಅದನ್ನು ಕೇಳಲು ಹೂಸ್ಟನ್ನನು ಉಳಿದಿರಲಿಲ್ಲ. ಅದೇ ಏಪ್ರಿಲ್ 22ರಂದು ತನ್ನ 54ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದನು.

ಬೇರೆ ಕೂರಿಸುವುದೇ ಅಸಮಾನತೆಯಾದರೆ ‘ಪ್ರತ್ಯೇಕ’ ಎಂಬ ಮಾತಿಗೆ ನಿಲ್ಲಲು ಯಾವ ನೆಲೆ ಉಳಿಯಿತು? ಮಾರ್ಷಲನೂ ಅವನ ಸಂಗಡಿಗರೂ ಈಗ ಮಕ್ಕಳ ಶಾಲೆಗಳ ಪ್ರಶ್ನೆಯನ್ನು ಎತ್ತಿದರು. 1954ರ ಮೇ 17ರಂದು ಬ್ರೌನ್ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಾಧೀಶರೂ ಏಕಮತದಿಂದ, ಬೇರ್ಪಡಿಸಿದ ಶಾಲೆಯು ಸ್ವಭಾವತಃ ಅಸಮಾನವೆಂದು ಸಾರಿದರು.

ತೀರ್ಪಾದೊಡನೆ ಬಾಗಿಲುಗಳು ತೆರೆಯಲಿಲ್ಲವೆಂಬುದೂ ನಿಜವೇ. 1957ರಲ್ಲಿ ಲಿಟ್ಲ್ ರಾಕ್ ನಗರದಲ್ಲಿ ಒಂಬತ್ತು ಮಂದಿ ಕರಿಯ ವಿದ್ಯಾರ್ಥಿಗಳನ್ನು ಶಾಲೆಗೆ ಕರೆದೊಯ್ಯಲು ಸೈನ್ಯವೇ ಬರಬೇಕಾಯಿತು. ತೀರ್ಪು ತಾನಾಗಿ ಮನಸ್ಸುಗಳನ್ನು ತಿದ್ದಲಾರದು. ಆದರೆ ಅಲ್ಲಿಯವರೆಗೆ ಕಾನೂನು ಬಾಗಿಲನ್ನು ಅಡ್ಡಗಟ್ಟಿದವರ ಪಕ್ಷದಲ್ಲಿದ್ದಿತು. ಅಂದು ಒಳಹೊಕ್ಕ ಮಕ್ಕಳ ಪಕ್ಷದಲ್ಲಿ ನಿಂತಿತು. ಇದು ಸಣ್ಣ ವ್ಯತ್ಯಾಸವಲ್ಲ.