ವರ್ಣತಂತು ಗಣಗಳ ಎಣಿಕೆ ಮತ್ತು ನಂಜನಗೂಡು ರಸಬಾಳೆ

ರಸಬಾಳೆ ಹಣ್ಣನ್ನು ಉದ್ದಕ್ಕೆ ಸೀಳಿದರೆ ತಿರುಳಿನ ನಡುವೆ ಸಾಸಿವೆಗಿಂತ ಸಣ್ಣ ಕಂದು ಚುಕ್ಕೆಗಳು ಸಾಲಾಗಿ ಕಾಣುತ್ತವೆ. ಬೀಜವಾಗದೆ ಅರ್ಧಕ್ಕೇ ನಿಂತ ಅಂಡಕಗಳಿವು. ಕಾಡುಬಾಳೆಯಲ್ಲಿ ಇದೇ ಜಾಗದಲ್ಲಿ ಗಟ್ಟಿಯಾದ ಕಪ್ಪು ಬೀಜಗಳಿರುತ್ತವೆ. ರಸಬಾಳೆಯನ್ನು ಸೊರಗು ರೋಗದಿಂದ ಉಳಿಸುವ ಯಾವ ಯೋಜನೆಯೂ ಅದರ ಜೀವಕೋಶದಲ್ಲಿರುವ ವರ್ಣತಂತು ಗಣಗಳ ಎಣಿಕೆಯಿಂದ ಆರಂಭವಾಗಬೇಕು ಎಂಬುದು ಈ ಲೇಖನದ ವಾದ.

ಬಾಳೆಯ ಒಂದು ಗಣದಲ್ಲಿ 11 ವರ್ಣತಂತುಗಳಿವೆ. ಕಾಡು ಪ್ರಭೇದಗಳಾದ ಮ್ಯೂಸಾ ಅಕ್ಯುಮಿನಾಟ (ಎಎ) ಮತ್ತು ಮ್ಯೂಸಾ ಬಾಲ್ಬಿಸಿಯಾನ (ಬಿಬಿ) ದ್ವಿಗುಣಿತಗಳು, ಒಟ್ಟು 22. ಬೇಸಾಯದ ತಳಿಗಳಲ್ಲಿ ಇವೆರಡರ ಪಾಲೆಷ್ಟು ಎಂಬುದನ್ನು 15 ಬಾಹ್ಯ ಲಕ್ಷಣಗಳಿಗೆ ಅಂಕ ಕೊಟ್ಟು ಗುರುತಿಸುವ ವಿಧಾನವನ್ನು ಸಿಮಂಡ್ಸ್ ಮತ್ತು ಶೆಫರ್ಡ್ 1955ರಲ್ಲಿ ಪ್ರಕಟಿಸಿದರು. ರಸಬಾಳೆ ಎಎಬಿ ಗುಂಪಿಗೆ ಸೇರಿದ ತ್ರಿಗುಣಿತ, ವರ್ಣತಂತುಗಳು 33.

ಲಿಂಗಾಣು ಹುಟ್ಟುವಾಗ ಸಮರೂಪಿ ವರ್ಣತಂತುಗಳು ಜೋಡಿಯಾಗಿ ಬೇರ್ಪಡುತ್ತವೆ. ಮೂರಿದ್ದಲ್ಲಿ ಒಂದು ಕಡೆಗೆ ಎರಡು, ಇನ್ನೊಂದು ಕಡೆಗೆ ಒಂದು ಹೋಗಬೇಕಾಗುತ್ತದೆ. ಹನ್ನೊಂದು ಬಗೆಗಳಲ್ಲೂ ಈ ಹಂಚಿಕೆ ಯಾದೃಚ್ಛಿಕವೆಂದು ಹಿಡಿದರೆ, ಒಂದು ಲಿಂಗಾಣುವಿಗೆ ಸರಿಯಾಗಿ 11 ಅಥವಾ 22 ದಕ್ಕುವ ಸಂಭವ 1,024ರಲ್ಲಿ ಒಂದು. ಉಳಿದವುಗಳಲ್ಲಿ ಜೀನ್‌ಗಳ ಪ್ರಮಾಣವೇ ಏರುಪೇರು. ಹಾಗೆಂದು ಎಣಿಕೆಯೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ: ಏಲಕ್ಕಿಬಾಳೆಯಲ್ಲಿ ಇರುವುದು 22 ಮಾತ್ರ, ಆದರೂ ಬೀಜವಿಲ್ಲ, ಏಕೆಂದರೆ ಗಣಗಳೆರಡೂ ಬೇರೆ ಪ್ರಭೇದಗಳವು (ಎಬಿ). ಪರಾಗಸ್ಪರ್ಶವಿಲ್ಲದೆಯೂ ಕಾಯಿ ದಪ್ಪಗಾಗುವ ಗುಣವಂತೂ ಪ್ರತ್ಯೇಕ ಆನುವಂಶಿಕ ಲಕ್ಷಣ.

ಬೀಜವಿಲ್ಲದ್ದರಿಂದ ರೈತರು ಕಂದು ನೆಡುತ್ತಾರೆ. ಕಂದು ತಾಯಿಗಿಡದ ಪಡಿಯಚ್ಚು. ಜೀನ್‌ಗಳ ಹೊಸ ಕೂಡಿಕೆ ಮೂಡದಿದ್ದರೆ ರೋಗವನ್ನು ತಾಳುವ ಸಸಿ ಸಾಲಿನಲ್ಲಿ ಆರಿಸಲು ಸಿಗುವುದಾದರೂ ಹೇಗೆ? ಸೊರಗು ರೋಗ ತರುವ ಫ್ಯುಸೇರಿಯಂ ಶಿಲೀಂಧ್ರ ಬೇರಿನಿಂದ ನುಗ್ಗಿ ನೀರಿನ ನಾಳಗಳನ್ನು ಕಟ್ಟುತ್ತದೆ. ಸೊರಗಿದ ಗಿಡದ ದಿಂಡನ್ನು ಅಡ್ಡ ಕೊಯ್ದರೆ ಕೆಂಗಂದು ಬಳೆಗಳು ಎದ್ದು ಕಾಣುತ್ತವೆ. ಶಿಲೀಂಧ್ರ ಮಣ್ಣಿನಲ್ಲಿ ದಶಕಗಳ ಕಾಲ ಉಳಿಯಬಲ್ಲದು. ಅಂಗಾಂಶ ಕೃಷಿಯ ಸಸಿ ನೆಡುವಾಗ ರೋಗಮುಕ್ತವೇ ಸರಿ, ಆದರೆ ಅದೂ ಪಡಿಯಚ್ಚೇ. ಭೌಗೋಳಿಕ ಸೂಚಕದ ಮಾನ್ಯತೆ ಹೆಸರನ್ನು ಕಾಯುತ್ತದೆ, ಗಿಡವನ್ನಲ್ಲ.

ಇರುವ ದಾರಿ ಇಕ್ಕಟ್ಟಿನದು. ಕೆಲವು ತ್ರಿಗುಣಿತ ತಳಿಗಳಲ್ಲಿ ಅಪರೂಪಕ್ಕೆ ಅಂಡಾಣು ಭಾಗವಾಗದೆ 33ನ್ನೂ ಉಳಿಸಿಕೊಳ್ಳುತ್ತದೆ. ರೋಗನಿರೋಧಕ ದ್ವಿಗುಣಿತದ ಪರಾಗದಿಂದ 11 ಸೇರಿದರೆ 44ರ ಚತುರ್ಗುಣಿತ ಹುಟ್ಟುತ್ತದೆ. ಅದನ್ನು ಮತ್ತೆ ದ್ವಿಗುಣಿತದೊಡನೆ ಕೂಡಿಸಿ 33ಕ್ಕೆ ತರುವುದು ತಳಿವಿಜ್ಞಾನಿಗಳ ವಾಡಿಕೆ. ಆದರೆ ಈ ಎರಡನೆಯ ಹೆಜ್ಜೆಯಲ್ಲಿ ತಾಯಿಯ ಗಣಗಳು ಕಲಸಿಹೋಗುತ್ತವೆ, ರಸಬಾಳೆಯ ಪರಿಮಳವೂ ಚದುರಬಹುದು. ಮೊದಲ ಹೆಜ್ಜೆಯಲ್ಲಾದರೆ ತಾಯಿಯ 33 ಹಾಗೇ ಇರುತ್ತವೆ. ಆದ್ದರಿಂದ ರಸಬಾಳೆಯಲ್ಲಿ ಇಂಥ ಬೀಜ ದೊರೆತರೆ, ಚತುರ್ಗುಣಿತ ಸಸಿಯನ್ನು ಬರಿಯ ಮಧ್ಯಂತರ ಘಟ್ಟವೆಂದು ಬದಿಗೊತ್ತದೆ, ಸೋಂಕಿರುವ ಮಣ್ಣಿನಲ್ಲೇ ಬೆಳೆಸಿ ಅದರ ಹಣ್ಣಿನ ರುಚಿಯನ್ನೂ ಪರೀಕ್ಷಿಸಬೇಕು.